ಏಳರಲ್ಲಿ ಬರುತ್ತದೆ, ನಾಲ್ಕರಲ್ಲಿ ಬರುವುದಿಲ್ಲ: ಆಫೀಸಿನ ಲೋಕಲ್ ಸರ್ವರ್ ಕೆಲವರಿಗೆ ಮಾತ್ರ ಸಿಗದಿದ್ದರೆ

ಆಫೀಸಿನ ಎಲ್ಲರಿಗೂ ಪುಟ ಕೊಡುವ ಸಿಸ್ಟಮ್, ಅಂದರೆ ಸರ್ವರ್, ಯಾರಿಗೂ ಸಿಗದಿದ್ದರೆ ಕೆಲಸ ಸುಲಭ. ಸೀದಾ ಅದರ ಎದುರು ಹೋಗಿ ಕೂತರಾಯಿತು. ಕರೆಂಟ್ ಇದೆಯಾ, ಕೇಬಲ್ ಸರಿಯಾ, ಪುಟ ಕಳಿಸುವ ಸಾಫ್ಟ್‌ವೇರ್ ಅಪಾಚೆ ಓಡುತ್ತಿದೆಯಾ, ಇಷ್ಟು ನೋಡುವಷ್ಟರಲ್ಲಿ ಸಾಧಾರಣ ಕಾರಣ ಸಿಕ್ಕಿಬಿಡುತ್ತದೆ. ತಲೆ ತಿನ್ನುವುದು ಕೆಲವರಿಗೆ ಸಿಕ್ಕಿ ಕೆಲವರಿಗೆ ಸಿಗದಿದ್ದಾಗ.

ಹೋದ ಮಳೆಗಾಲದಲ್ಲಿ ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಆಫೀಸಿನಿಂದ ಫೋನ್ ಬಂತು. "ಎಂತ ಮಾಡುದು ಮಾರಾಯ್ರೆ, ಬಿಲ್ಲಿಂಗ್ ಪೇಜ್ ಏಳು ಸಿಸ್ಟಮ್‌ನಲ್ಲಿ ಬರ್ತದೆ, ನಾಲ್ಕರಲ್ಲಿ ಬರುದೇ ಇಲ್ಲ." ನಾನು ಹೋಗುವಷ್ಟರಲ್ಲಿ ಅವರು ಸರ್ವರನ್ನು ಮೂರು ಸಲ ರೀಸ್ಟಾರ್ಟ್ ಮಾಡಿದ್ದರು. ಹೊರಗಿನಿಂದ ಬರುವವರನ್ನು ತಡೆಯುವ ಫೈರ್‌ವಾಲ್ ಪೂರ್ತಿ ಆಫ್. ಸಾಫ್ಟ್‌ವೇರನ್ನೇ ಕಿತ್ತು ಹೊಸದಾಗಿ ಹಾಕೋಣ ಎಂದು ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದು ನಿಂತಿದ್ದ. ತಡೆದೆ. ಒಂದು ಪಂಕ್ತಿಗೆ ಬಿಸಿ ಅನ್ನ ಬರುತ್ತಿದೆ, ಪಕ್ಕದ ಪಂಕ್ತಿಗೆ ಬರುತ್ತಿಲ್ಲ ಎಂದರೆ ಒಲೆ ಕೆಟ್ಟಿದೆ ಎನ್ನುತ್ತೀರಾ? ಏಳು ಸಿಸ್ಟಮ್‌ಗೆ ಪುಟ ಕೊಡುತ್ತಿರುವ ಸರ್ವರ್‌ಗೆ ಹೆಚ್ಚಾಗಿ ಏನೂ ಆಗಿರುವುದಿಲ್ಲ. ಆ ಏಳಕ್ಕೂ ಈ ನಾಲ್ಕಕ್ಕೂ ಏನು ವ್ಯತ್ಯಾಸ ಎಂದು ಹುಡುಕಬೇಕು. ಈ ಲೇಖನ ಪೂರ್ತಿ ಅದೇ ಹುಡುಕಾಟ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು; ಸ್ಲ್ಯಾಶ್, ಹೈಫನ್ ಎಂದಲ್ಲಿ ಆ ಚಿಹ್ನೆ (/, -) ಹೊಡೆದು ಮುಂದಿನ ಮಾತನ್ನು ಅದಕ್ಕೇ ಅಂಟಿಸಬೇಕು. ಉದಾಹರಣೆಗೆ ಸರ್ವರ್‌ನ ನಂಬರ್ (ನೆಟ್‌ವರ್ಕಿನಲ್ಲಿ ಅದರ ವಿಳಾಸ, ಐಪಿ ಎನ್ನುವುದು ಇದನ್ನೇ) 192.168.1.10, ಪೋರ್ಟ್ (ಆ ವಿಳಾಸದಲ್ಲಿ ಪುಟ ಸಿಗುವ ಬಾಗಿಲಿನ ನಂಬರ್) 8080 ಎಂದು ಇಟ್ಟುಕೊಳ್ಳೋಣ.

ಮೊದಲು ಒಂದು ಹಾಳೆ, ಒಂದು ಪೆನ್

ಏನನ್ನೂ ಮುಟ್ಟುವ ಮೊದಲು ಎಲ್ಲ ಸಿಸ್ಟಮ್‌ಗಳ ಪಟ್ಟಿ ಮಾಡಿ. ಬರುವುದನ್ನೂ ಬರೆಯಿರಿ, ಬರದಿದ್ದನ್ನೂ ಬರೆಯಿರಿ. ಒಂದೊಂದರ ಎದುರು ಇಷ್ಟು ಸಾಕು: ಕೇಬಲ್ಲಾ ವೈಫೈಯಾ, ಯಾವ ಮಹಡಿ, ಯಾವ ಸ್ವಿಚ್‌ಗೆ (ಕೇಬಲ್‌ಗಳೆಲ್ಲ ಸೇರುವ ಡಬ್ಬ) ಹೋಗುತ್ತದೆ, ಬ್ರೌಸರ್‌ನಲ್ಲಿ ಬರುವ ಎರರ್‌ನ ಮಾತುಗಳು ಇದ್ದ ಹಾಗೆ, ಮತ್ತು ಐಪಿ ವಿವರ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್', ಒಂದು ಸ್ಪೇಸ್, 'ಸ್ಲ್ಯಾಶ್ ಆಲ್' ಎಂದು ಹೊಡೆದರೆ ನಾಲ್ಕು ಸಾಲು ಬೇಕು: ಐಪಿವಿ4 ಅಡ್ರೆಸ್ (ಈ ಸಿಸ್ಟಮ್‌ನ ನಂಬರ್), ಸಬ್‌ನೆಟ್ ಮಾಸ್ಕ್ (ಯಾವ ನಂಬರ್‌ಗಳು ನಮ್ಮ ಸಾಲಿನವು ಎಂದು ಹೇಳುವುದು), ಡಿಫಾಲ್ಟ್ ಗೇಟ್‌ವೇ (ಬೇರೆ ಸಾಲಿಗೆ ಹೋಗುವ ದಾರಿ, ಹೆಚ್ಚಾಗಿ ರೂಟರ್), ಡಿಎಚ್‌ಸಿಪಿ ಸರ್ವರ್ (ನಂಬರ್ ಹಂಚುವವರು). ಕೊನೆಯದನ್ನು ಯಾರೂ ನೋಡುವುದಿಲ್ಲ. ಆದರೆ ಈ ಸಿಸ್ಟಮ್‌ಗೆ ನಂಬರ್ ಕೊಟ್ಟದ್ದು ಯಾವ ರೂಟರ್ ಎಂದು ಹೇಳುವುದು ಅದೇ.

ಹತ್ತು ಹನ್ನೊಂದು ಸಿಸ್ಟಮ್ ಇದ್ದರೆ ಅರ್ಧ ಗಂಟೆಯ ಕೆಲಸ. ಎಷ್ಟೋ ಸಲ ಪಟ್ಟಿ ಮುಗಿಯುವ ಮೊದಲೇ ಉತ್ತರ ಕಣ್ಣಿಗೆ ಬೀಳುತ್ತದೆ. ಬರದಿದ್ದವೆಲ್ಲ ಮೇಲಿನ ಮಹಡಿಯವು, ಅಥವಾ ಎಲ್ಲವೂ ವೈಫೈ, ಅಥವಾ ಎಲ್ಲದರ ನಂಬರ್ 192.168.0 ರಿಂದ ಶುರು. ಹಾಗೆ ಕಂಡರೆ ಸೀದಾ ಆ ಭಾಗಕ್ಕೆ ಹೋಗಿ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಬರದಿರುವ ಸಿಸ್ಟಮ್‌ಗಳು ದಿನಾ ಅವೇನಾ? ಇವತ್ತು ಈ ನಾಲ್ಕು, ನಾಳೆ ಬೇರೆ ಮೂರು ಎಂದಾದರೆ ಅದು ಬೇರೆಯೇ ರೋಗ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲಾಗಿನ್ ಆದ ಐದು ಜನರಿಗೆ ಬಂದು ಆರನೆಯವರಿಗೆ ಬರದಿದ್ದರೆ ನೆಟ್‌ವರ್ಕಿನ ತಂಟೆಗೇ ಹೋಗಬೇಡಿ, ಸಾಫ್ಟ್‌ವೇರ್‌ನ ಲೈಸೆನ್ಸ್ ಐದು ಜನರಿಗೆ ಮಾತ್ರವಾ ಎಂದು ನೋಡಿ.

ಅಡ್ರೆಸ್ ಬಾರ್‌ನಲ್ಲಿ ಏನು ಹೊಡೆದಿದ್ದಾರೆ?

ನಗಬೇಡಿ. ಸರ್ವರ್ ಸಿಸ್ಟಮ್‌ನಲ್ಲಿ ಕೂತು 'ಲೋಕಲ್‌ಹೋಸ್ಟ್' ಎಂದು ಹೊಡೆದರೆ ಪುಟ ಬರುತ್ತದೆ. ಅದನ್ನೇ ಬುಕ್‌ಮಾರ್ಕ್ ಮಾಡಿ, ಫೋಟೋ ತೆಗೆದು, ಉಳಿದವರಿಗೆ ವಾಟ್ಸಾಪ್ ಮಾಡಿರುತ್ತಾರೆ. ಲೋಕಲ್‌ಹೋಸ್ಟ್ ಅಥವಾ 127.0.0.1 ಎಂದರೆ 'ನಾನೇ' ಎಂದರ್ಥ. ನನ್ನ ಸಿಸ್ಟಮ್‌ನಲ್ಲಿ ಹೊಡೆದರೆ ನನ್ನದು, ನಿಮ್ಮದರಲ್ಲಿ ಹೊಡೆದರೆ ನಿಮ್ಮದು. ಬೇರೆ ಸಿಸ್ಟಮ್‌ನಿಂದ ಸರ್ವರ್‌ನ ನಿಜವಾದ ನಂಬರ್ ಹೊಡೆಯಬೇಕು, ಕೊನೆಗೆ ಕೋಲನ್ ಹಾಕಿ 8080 ಕೂಡ.

ಇದರದ್ದೇ ಇನ್ನೊಂದು ರೂಪ ಜಾಸ್ತಿ ಕಾಡುತ್ತದೆ. ಮೊದಲ ಪುಟ ಬರುತ್ತದೆ, ಆದರೆ ಬಣ್ಣ ಇಲ್ಲ, ಚಿತ್ರ ಇಲ್ಲ, ಬೋಳು ಬೋಳು. ಅಥವಾ ಲಾಗಿನ್ ಒತ್ತಿದ ಕೂಡಲೇ ಅಡ್ರೆಸ್ ಬಾರ್ ಲೋಕಲ್‌ಹೋಸ್ಟ್‌ಗೆ ಹಾರುತ್ತದೆ. ಸಾಫ್ಟ್‌ವೇರ್ ಹಾಕಿದವರು ಸೈಟಿನ ವಿಳಾಸ ಎಂದು ಒಳಗಡೆ ಲೋಕಲ್‌ಹೋಸ್ಟ್ ಬರೆದಿಟ್ಟಿದ್ದಾರೆ. ವರ್ಡ್‌ಪ್ರೆಸ್‌ನಲ್ಲಿ ಇದು ಸಾಮಾನ್ಯ. ಸೆಟ್ಟಿಂಗ್‌ನಲ್ಲಿ ವಿಳಾಸ ಬದಲಿಸಿದರೆ ಮುಗಿಯಿತು.

ನಂಬರ್ ಬದಲು 'ಬಿಲ್ಲಿಂಗ್' ಎಂಬಂಥ ಹೆಸರು ಬಳಸುತ್ತಿದ್ದರೆ, ಬರದ ಸಿಸ್ಟಮ್‌ನಲ್ಲಿ ಒಮ್ಮೆ ನಂಬರ್ ಹೊಡೆದು ನೋಡಿ. ನಂಬರಿಗೆ ಬಂದು ಹೆಸರಿಗೆ ಬರದಿದ್ದರೆ ದಾರಿ ಸರಿ ಇದೆ, ಹೆಸರು ಮಾತ್ರ ಗೊತ್ತಿಲ್ಲ. ನಾನು ಕಂಡ ಮಟ್ಟಿಗೆ ಮುಖ್ಯ ಕಾರಣ ಒಂದೇ. ನೆಟ್ ಸ್ಲೋ ಎಂದು ಯಾರೋ ಯೂಟ್ಯೂಬ್ ನೋಡಿ ಆ ಸಿಸ್ಟಮ್‌ನ ಡಿಎನ್‌ಎಸ್ (ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 8.8.8.8 ಹಾಕಿರುತ್ತಾರೆ. ಅದು ಗೂಗಲ್‌ನ ಡಿಎನ್‌ಎಸ್. ನಿಮ್ಮ ಆಫೀಸಿನ ಮೂಲೆಯ ಡಬ್ಬದ ಹೆಸರು ಅದಕ್ಕೆ ಹೇಗೆ ಗೊತ್ತಿರಬೇಕು? ಡಿಎನ್‌ಎಸ್ ಅನ್ನು ಆಟೋಮ್ಯಾಟಿಕ್‌ಗೆ ತಿರುಗಿಸಿ. ಆಮೇಲೂ ಬರದಿದ್ದರೆ ಸಿ ಡ್ರೈವ್‌ನಲ್ಲಿ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಹೀಗೆ ಒಳಗೆ ಹೋಗಿ 'ಹೋಸ್ಟ್ಸ್' ಎಂಬ ಫೈಲ್ ನೋಡಿ. ಹಳೇ ನಂಬರ್ ಅಲ್ಲಿ ಬರೆದಿಟ್ಟು ಮರೆತುಬಿಟ್ಟಿರುವ ಸಾಧ್ಯತೆ ಉಂಟು.

ಎರರ್ ಓದಿ, ಮುಚ್ಚಬೇಡಿ

ಎಲ್ಲ ಎರರನ್ನೂ ಜನ 'ಓಪನ್ ಆಗ್ತಿಲ್ಲ' ಎಂದೇ ಹೇಳುತ್ತಾರೆ. ಆದರೆ ಕ್ರೋಮ್ ಒಂದೊಂದಕ್ಕೆ ಒಂದೊಂದು ಮಾತು ಹೇಳುತ್ತದೆ.

'ರಿಫ್ಯೂಸ್ಡ್ ಟು ಕನೆಕ್ಟ್' ಎಂದರೆ ಮನೆ ಸಿಕ್ಕಿತು, ಆದರೆ ಆ ನಂಬರಿನ ಬಾಗಿಲಲ್ಲಿ ಯಾರೂ ಇಲ್ಲ. ಪೋರ್ಟ್ ತಪ್ಪಿರಬಹುದು. ಮನೆಯೇ ಬೇರೆಯವರದ್ದೂ ಆಗಿರಬಹುದು! ಇದನ್ನು ನೆನಪಿಡಿ.

'ಟುಕ್ ಟೂ ಲಾಂಗ್ ಟು ರೆಸ್ಪಾಂಡ್' ಎಂದರೆ ಕರೆದದ್ದಕ್ಕೆ ಉತ್ತರವೇ ಇಲ್ಲ. ದಾರಿ ತಪ್ಪಿದೆ, ಇಲ್ಲವೇ ಫೈರ್‌ವಾಲ್ ಕೇಳಿಯೂ ಕೇಳದ ಹಾಗೆ ಸುಮ್ನೆ ಕೂತಿದೆ.

'ಫೋರ್‌ಬಿಡನ್' ಅಥವಾ 403 ಬಂದರೆ ಖುಷಿಪಡಿ. ನೆಟ್‌ವರ್ಕ್ ಪೂರ್ತಿ ಸರಿ, ಸರ್ವರ್ ನಿಮ್ಮನ್ನು ನೋಡಿಯೇ 'ನೀವು ಬೇಡ' ಎಂದಿದೆ. ಅಪಾಚೆಯ ಕಾನ್ಫಿಗ್ ಫೈಲ್‌ನಲ್ಲಿ 'ರಿಕ್ವೈರ್ ಲೋಕಲ್' ಎಂದಿದ್ದರೆ ಸರ್ವರ್ ಸಿಸ್ಟಮ್‌ಗೆ ಮಾತ್ರ ಪ್ರವೇಶ. 'ರಿಕ್ವೈರ್ ಐಪಿ 192.168.1' ಎಂದಿದ್ದರೆ ಆ ಸಾಲಿನ ಸಿಸ್ಟಮ್‌ಗಳಿಗೆ ಮಾತ್ರ. 192.168.0 ಸಾಲಿನವರು ಹೊರಗೇ.

ಸರ್ಟಿಫಿಕೇಟ್ ಎರರ್ ಒಂದೇ ಸಿಸ್ಟಮ್‌ನಲ್ಲಿ ಬಂದರೆ ಕೆಳಗಿನ ಮೂಲೆಯ ತಾರೀಕು ನೋಡಿ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ.

ಪಿಂಗ್ ನಂಬುವ ಮೊದಲು

ಎಲ್ಲರೂ ಮೊದಲು ಮಾಡುವುದು ಪಿಂಗ್, ಅಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪಿಂಗ್', ಸ್ಪೇಸ್, ಸರ್ವರ್‌ನ ನಂಬರ್ ಹೊಡೆದು 'ಇದ್ದೀಯಾ?' ಎಂದು ಕೇಳುವುದು. ಮಾಡಿ, ತಪ್ಪಿಲ್ಲ. ಆದರೆ ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆಯೂ ವೆಬ್ ಪುಟ ಕೊಡಬಲ್ಲದು. ಹಾಗೇ ಪಿಂಗ್‌ಗೆ ಉತ್ತರ ಬಂತೆಂದು ಪುಟ ಬರಲೇಬೇಕೆಂದಿಲ್ಲ. ಇನ್ನೊಂದು ಮೋಸವೂ ಇದೆ. 'ರಿಪ್ಲೈ ಫ್ರಮ್' ಎಂದು ಕಂಡ ಕೂಡಲೇ ಬಂತು ಬಂತು ಎನ್ನುತ್ತಾರೆ. ಪೂರ್ತಿ ಸಾಲು ಓದಿ. 'ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್' ಎಂದು ಕೊನೆಯಲ್ಲಿದ್ದು, 'ಫ್ರಮ್' ಆದಮೇಲೆ ನಿಮ್ಮದೇ ನಂಬರ್ ಇದ್ದರೆ, ನಿಮ್ಮ ಸಿಸ್ಟಮ್ ತನಗೆ ತಾನೇ 'ಅವರು ಸಿಗಲಿಲ್ಲ' ಎಂದು ಹೇಳಿಕೊಳ್ಳುತ್ತಿದೆ. ಕೆಳಗೆ ಲಾಸ್ ಸೊನ್ನೆ ಎಂದು ಬೇರೆ ತೋರಿಸುತ್ತದೆ!

ಬೇಕಾದದ್ದು ಪೋರ್ಟ್‌ನ ಪರೀಕ್ಷೆ. ಪವರ್‌ಶೆಲ್ ತೆರೆದು 'ಟೆಸ್ಟ್-ನೆಟ್‌ಕನೆಕ್ಷನ್', ಸ್ಪೇಸ್, ಸರ್ವರ್‌ನ ನಂಬರ್, ಸ್ಪೇಸ್, 'ಹೈಫನ್ ಪೋರ್ಟ್', ಸ್ಪೇಸ್, 8080 ಎಂದು ಹೊಡೆಯಿರಿ. ಕೊನೆಯ ಸಾಲು 'ಟಿಸಿಪಿ ಟೆಸ್ಟ್ ಸಕ್ಸೀಡೆಡ್: ಟ್ರೂ' ಎಂದಿದ್ದರೆ ದಾರಿ, ಬಾಗಿಲು ಎರಡೂ ಸರಿ. ಆಗ ಉಳಿಯುವುದು ಬ್ರೌಸರ್ ಮಾತ್ರ. ಪ್ರಾಕ್ಸಿ ಹಾಕಿದ್ದಾರಾ, ವಿಪಿಎನ್ ಆನ್ ಇದೆಯಾ, ಬ್ರೌಸರ್ ತಾನೇ ಎಚ್‌ಟಿಟಿಪಿಎಸ್‌ಗೆ ಬದಲಿಸುತ್ತಿದೆಯಾ ನೋಡಿ. ಇನ್‌ಕಾಗ್ನಿಟೋದಲ್ಲೋ ಬೇರೆ ಬ್ರೌಸರ್‌ನಲ್ಲೋ ತೆರೆದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. 'ಫಾಲ್ಸ್' ಬಂದರೆ ಮುಂದೆ ಓದಿ.

ನಂಬರ್‌ಗಳ ಸಾಲು

ಹಾಳೆಯಲ್ಲಿ ಬರೆದ ಐಪಿ ನಂಬರ್‌ಗಳನ್ನು ಈಗ ನೋಡಿ. 169.254 ರಿಂದ ಶುರುವಾಗುವ ನಂಬರ್ ಕಂಡರೆ ಆ ಸಿಸ್ಟಮ್‌ಗೆ ಯಾವ ರೂಟರೂ ನಂಬರ್ ಕೊಟ್ಟಿಲ್ಲ, ಅದು ತಾನೇ ಒಂದು ಇಟ್ಟುಕೊಂಡಿದೆ. ಕೇಬಲ್, ಸ್ವಿಚ್‌ನ ಪೋರ್ಟ್ (ಇಲ್ಲಿ ಪೋರ್ಟ್ ಎಂದರೆ ಕೇಬಲ್ ಚುಚ್ಚುವ ತೂತು) ನೋಡಿ.

ನಮ್ಮ ಕರಾವಳಿಯಲ್ಲಿ ಈ ಕೇಬಲ್ ವಿಷಯ ಸ್ವಲ್ಪ ಜಾಸ್ತಿಯೇ. ಮಲ್ಪೆ, ಪಣಂಬೂರು ಕಡೆ ಸಮುದ್ರದ ಗಾಳಿಗೆ ಕನೆಕ್ಟರ್‌ನ ಪಿನ್ನುಗಳು ಕಪ್ಪಗಾಗುತ್ತವೆ. ಮಳೆ ಶುರುವಾಗುವ ಮೊದಲಿನ ಮತ್ತು ಮಳೆ ಹೋಗುವಾಗಿನ ಸಿಡಿಲಿಗೆ ಸ್ವಿಚ್‌ನಲ್ಲಿ ಒಂದೋ ಎರಡೋ ಪೋರ್ಟ್ ಮಾತ್ರ ಸುಟ್ಟು ಉಳಿದವು ಚೆನ್ನಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕೇಬಲನ್ನು ಬರುತ್ತಿರುವ ಸಿಸ್ಟಮ್‌ನ ಪೋರ್ಟಿಗೆ ಚುಚ್ಚಿ ನೋಡಿ, ಅಷ್ಟು ಸಾಕು. ಸ್ವಿಚ್‌ನಿಂದ ಸಿಸ್ಟಮ್‌ವರೆಗೆ 100 ಮೀಟರ್ ಮೀರಿದರೂ ಕಷ್ಟ. ಹಿತ್ತಲ ಗೋದಾಮಿಗೆ ಎಳೆದ ಕೇಬಲ್‌ಗಳಲ್ಲಿ ಇದಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಮಾಸ್ಕ್ ಎಲ್ಲ ಕಡೆ 255.255.255.0 ಇರಬೇಕು. ಸರ್ವರ್‌ನಲ್ಲಿ ಕೈಯಿಂದ ಹಾಕುವಾಗ 255.255.255.128 ಆಗಿಬಿಟ್ಟರೆ ತಮಾಷೆ ಶುರು. 192.168.1.126 ರವರೆಗಿನವರನ್ನು ಸರ್ವರ್ 'ನಮ್ಮೂರಿನವರು' ಎಂದು ತಿಳಿದು ನೇರ ಉತ್ತರ ಕೊಡುತ್ತದೆ. ಅದರ ಮೇಲಿನ ನಂಬರಿನವರು ಪರಊರಿನವರು, ಗೇಟ್‌ವೇ ಮೂಲಕ ಕಳಿಸಬೇಕು ಎಂದುಕೊಳ್ಳುತ್ತದೆ. ಗೇಟ್‌ವೇ ಹಾಕಿರದಿದ್ದರೆ ಉತ್ತರ ಹೋಗುವುದೇ ಇಲ್ಲ. ಸಣ್ಣ ನಂಬರಿನವರಿಗೆಲ್ಲ ಬರುತ್ತದೆ, ದೊಡ್ಡ ನಂಬರಿನವರಿಗೆ ಬರುವುದಿಲ್ಲ ಎಂದು ಪಟ್ಟಿಯಲ್ಲಿ ಕಂಡರೆ ಇದನ್ನೇ ನೋಡಿ.

ಮೇಲಿನ ಮಹಡಿಯ ಎರಡನೇ ರೂಟರ್

ಇದು ನನ್ನ ಹಳೇ ವೈರಿ. ಮೇಲೆ ವೈಫೈ ಸಿಗುವುದಿಲ್ಲ ಎಂದು ಮನೆಯಲ್ಲಿ ಬಿದ್ದಿದ್ದ ಒಂದು ರೂಟರ್ ತಂದು ಚುಚ್ಚುತ್ತಾರೆ. ನೆಟ್ ಬರುತ್ತದೆ, ಎಲ್ಲರಿಗೂ ಸಂತೋಷ. ಸರ್ವರ್ ಮಾತ್ರ ಸಿಗುವುದಿಲ್ಲ. ಏನಾಯಿತು ಎನ್ನುವುದು ಕೇಬಲ್ ಯಾವ ತೂತಿಗೆ ಹೋಗಿದೆ ಎಂಬುದರ ಮೇಲೆ.

ಕೇಬಲ್ 'ವ್ಯಾನ್' (ಹೊರಗಿನ ನೆಟ್ ಬರುವ ಕಡೆ) ಎಂದು ಬರೆದ, ಹೆಚ್ಚಾಗಿ ಬಣ್ಣ ಬೇರೆ ಇರುವ ಪೋರ್ಟಿಗೆ ಹೋಗಿದ್ದರೆ ಮೇಲಿನ ಮಹಡಿ ಒಂದು ಪ್ರತ್ಯೇಕ ನೆಟ್‌ವರ್ಕ್ ಆಗುತ್ತದೆ. ಮೇಲಿನವರು ಕೆಳಗಿನ ಸರ್ವರನ್ನು ನಂಬರ್ ಹೊಡೆದು ತಲುಪಬಹುದು, ಹೆಸರಿನಿಂದ ಹೆಚ್ಚಾಗಿ ಆಗುವುದಿಲ್ಲ. ಸರ್ವರ್ ಮೇಲಿದ್ದರೆ ಕೆಳಗಿನ ಯಾರಿಗೂ ಸಿಗುವುದಿಲ್ಲ. ಎರಡೂ ರೂಟರ್ 192.168.1 ಸಾಲನ್ನೇ ಹಂಚುತ್ತಿದ್ದರೆ ಇನ್ನೂ ಕಷ್ಟ. ಮೇಲಿನ ಸಿಸ್ಟಮ್ 192.168.1.10 ಎಂದರೆ ತನ್ನ ಮಹಡಿಯಲ್ಲೇ ಹುಡುಕುತ್ತದೆ, ಕೆಳಗೆ ಬರುವುದೇ ಇಲ್ಲ.

ಕೇಬಲ್ 'ಲ್ಯಾನ್' (ಒಳಗಿನ ನೆಟ್‌ವರ್ಕಿನ) ಪೋರ್ಟಿಗೆ ಹೋಗಿದ್ದು, ಆ ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡದೆ ಬಿಟ್ಟಿದ್ದರೆ ಒಂದೇ ಆಫೀಸಿನಲ್ಲಿ ನಂಬರ್ ಹಂಚುವವರು ಇಬ್ಬರು. ಬೆಳಿಗ್ಗೆ ಸಿಸ್ಟಮ್ ಆನ್ ಆದಾಗ ಯಾರು ಮೊದಲು ಕೈ ಚಾಚುತ್ತಾರೋ ಅವರ ಕೈಯಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಕೆಟ್ಟ ಸಿಸ್ಟಮ್‌ಗಳ ಪಟ್ಟಿ ದಿನಾ ಬದಲಾಗುತ್ತದೆ. ಹಾಳೆಯಲ್ಲಿ 'ಡಿಎಚ್‌ಸಿಪಿ ಸರ್ವರ್' ಸಾಲಿನಲ್ಲಿ ಎರಡು ಬೇರೆ ಬೇರೆ ನಂಬರ್ ಕಂಡರೆ ಮುಗಿಯಿತು, ಕಳ್ಳ ಸಿಕ್ಕಿದ.

ಮದ್ದು ಒಂದೇ. ಎರಡನೇ ರೂಟರ್‌ನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಅದಕ್ಕೆ 192.168.1.2 ರಂಥ ಖಾಲಿ ನಂಬರ್ ಕೊಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟಿಗೆ ಚುಚ್ಚಿ. ಆಮೇಲೆ ಮೇಲಿನ ಎಲ್ಲ ಸಿಸ್ಟಮ್‌ಗಳನ್ನು ರೀಸ್ಟಾರ್ಟ್ ಮಾಡಿ.

ವೈಫೈಯವರಿಗೆ ಮಾತ್ರ ಸಿಗದಿದ್ದರೆ ಅವರು ಗೆಸ್ಟ್ ವೈಫೈಗೆ ಸೇರಿದ್ದಾರಾ, ರೂಟರ್‌ನಲ್ಲಿ 'ಎಪಿ ಐಸೊಲೇಶನ್' ಆನ್ ಇದೆಯಾ ನೋಡಿ. ಗೆಸ್ಟ್ ವೈಫೈ ಇರುವುದೇ ಒಳಗಿನ ಸಿಸ್ಟಮ್‌ಗಳನ್ನು ಮುಟ್ಟಲು ಬಿಡದಿರಲಿಕ್ಕೆ; ಎಪಿ ಐಸೊಲೇಶನ್ ವೈಫೈಯವರು ಒಬ್ಬರನ್ನೊಬ್ಬರು ಮುಟ್ಟದಂತೆ ತಡೆಯುತ್ತದೆ, ಕೆಲವು ರೂಟರ್‌ಗಳಲ್ಲಿ ಕೇಬಲ್‌ನವರನ್ನೂ.

ಒಂದೇ ನಂಬರಿಗೆ ಇಬ್ಬರು

ಈಗ ಬಸ್ ಸ್ಟ್ಯಾಂಡ್ ಹತ್ತಿರದ ಆಫೀಸಿಗೆ ಬರೋಣ. ಬರದ ನಾಲ್ಕರಲ್ಲಿ ಎರಡು ಕೆಳಗೆ, ಎರಡು ಮೇಲೆ. ನಂಬರ್, ಮಾಸ್ಕ್, ಡಿಎಚ್‌ಸಿಪಿ ಎಲ್ಲ ಸರಿ. ಹಿಂದಿನ ದಿನ ಬರದಿದ್ದದ್ದು ಮೂರೇ ಅಂತೆ, ಅದರಲ್ಲಿ ಒಂದು ಇವತ್ತು ಸರಿ. ಪಿಂಗ್‌ಗೆ ಉತ್ತರ ಚೆನ್ನಾಗಿ ಬರುತ್ತದೆ, ಬ್ರೌಸರ್ ಮಾತ್ರ 'ರಿಫ್ಯೂಸ್ಡ್' ಎನ್ನುತ್ತದೆ. ಅಲ್ಲಿಗೆ ಅನುಮಾನ ಬಂತು.

ಒಂದು ಸಿಸ್ಟಮ್ 192.168.1.10 ಅನ್ನು ಹುಡುಕುವ ರೀತಿ ಹೇಗೆಂದರೆ, ಇಡೀ ಆಫೀಸಿಗೆ ಕೇಳುವಂತೆ 'ಈ ನಂಬರ್ ಯಾರದ್ದು?' ಎಂದು ಕೂಗುತ್ತದೆ. ಒಬ್ಬರೇ ಉತ್ತರ ಕೊಟ್ಟರೆ ಸರಿ. ಇಬ್ಬರಿಗೆ ಒಂದೇ ನಂಬರ್ ಇದ್ದರೆ ರಥಬೀದಿಯಲ್ಲಿ ನಿಂತು 'ಭಟ್ರೇ' ಎಂದು ಕೂಗಿದ ಹಾಗೆ. ಏಳು ಸಿಸ್ಟಮ್‌ಗೆ ಒಬ್ಬ ಭಟ್ಟರು ಸಿಕ್ಕಿದರು, ನಾಲ್ಕಕ್ಕೆ ಇನ್ನೊಬ್ಬರು.

ಪರೀಕ್ಷೆ ಸುಲಭ. ಬರುವ ಒಂದು ಸಿಸ್ಟಮ್, ಬರದ ಒಂದು ಸಿಸ್ಟಮ್, ಎರಡರಲ್ಲೂ ಸರ್ವರ್‌ಗೆ ಪಿಂಗ್ ಮಾಡಿ, ಕೂಡಲೇ 'ಎಆರ್‌ಪಿ', ಸ್ಪೇಸ್, 'ಹೈಫನ್ ಎ' ಎಂದು ಹೊಡೆಯಿರಿ. 192.168.1.10 ರ ಎದುರು ಎರಡೆರಡು ಅಕ್ಷರದ ಆರು ಜೋಡಿ ಕಾಣುತ್ತದೆ, ಅದು ಮ್ಯಾಕ್ ಅಡ್ರೆಸ್. ಎರಡು ಸಿಸ್ಟಮ್‌ನಲ್ಲಿ ಅದು ಬೇರೆ ಬೇರೆ ಇದ್ದರೆ ನಂಬರ್ ಡಬಲ್ ಆಗಿದೆ. ಇನ್ನೂ ಸುಲಭದ ದಾರಿ ಬೇಕಾ? ಸರ್ವರ್‌ನ ಕೇಬಲ್ ಕಿತ್ತು, ಬರದ ಸಿಸ್ಟಮ್‌ನಿಂದ ಪಿಂಗ್ ಮಾಡಿ. ಸರ್ವರ್ ಇಲ್ಲದೆಯೂ ಉತ್ತರ ಬರುತ್ತಿದ್ದರೆ ಅದು ಯಾರದ್ದು?

ನಮ್ಮದರಲ್ಲಿ ಉತ್ತರ ಬಂತು. ಮ್ಯಾಕ್ ಅಡ್ರೆಸ್‌ನ ಮೊದಲ ಮೂರು ಜೋಡಿ ತಯಾರಿಸಿದ ಕಂಪನಿಗೆ ಸೇರಿದ್ದು. ಹುಡುಕಿದರೆ ಸಿಸಿ ಕ್ಯಾಮೆರಾದ ಕಂಪನಿ! ಎರಡು ವಾರದ ಹಿಂದೆ ಕ್ಯಾಮೆರಾ ಹಾಕಿದವರು ಡಿವಿಆರ್‌ಗೆ (ಕ್ಯಾಮೆರಾದ ವಿಡಿಯೋ ದಾಖಲಿಸುವ ಡಬ್ಬ) ಕೈಯಿಂದ ಇದೇ ನಂಬರ್ ಕೊಟ್ಟಿದ್ದರು. ಕೇಳಿದರೆ, "ನಾನು ಪಿಂಗ್ ಮಾಡಿ ನೋಡಿದ್ದೇನೆ ಸರ್, ಆ ನಂಬರ್ ಖಾಲಿ ಇತ್ತು" ಎಂದ. ಸುಳ್ಳಲ್ಲ. ಅವನು ಬಂದದ್ದು ಭಾನುವಾರ, ಸರ್ವರ್ ಆಫ್ ಇತ್ತು. ಸರ್ವರ್ ಎಂದರೆ ಉಬುಂಟು ಹಾಕಿದ, ಮಾನಿಟರ್ ಇಲ್ಲದ ಒಂದು ಹಳೇ ಡೆಸ್ಕ್‌ಟಾಪ್. ಏನಾದರೂ ಎಚ್ಚರಿಕೆ ತೋರಿಸಿದ್ದರೂ ನೋಡುವವರು ಇರಲಿಲ್ಲ.

ಡಿವಿಆರ್‌ನ ನಂಬರ್ ಬದಲಿಸಿದೆ. ನಾಲ್ಕು ಸಿಸ್ಟಮ್‌ಗಳಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಎಆರ್‌ಪಿ', ಸ್ಪೇಸ್, 'ಹೈಫನ್ ಡಿ', ಸ್ಪೇಸ್, ಒಂದು ನಕ್ಷತ್ರ ಚಿಹ್ನೆ ಹೊಡೆದೆ. ಹಳೇ ನೆನಪು ಅಳಿಸಿ ಎಲ್ಲ ಸರಿಯಾಯಿತು.

ಕರೆಂಟ್ ಹೋಗಿ ಬಂದ ಮೇಲೆ ಇದೇ ತಾಪತ್ರಯ ಬೇರೆ ರೀತಿಯಲ್ಲೂ ಬರುತ್ತದೆ. ಸರ್ವರ್‌ಗೆ ಕೈಯಿಂದ ನಂಬರ್ ಕೊಟ್ಟಿರುತ್ತಾರೆ, ಆದರೆ ರೂಟರ್ ಹಂಚುವ ಪಟ್ಟಿಯ ಒಳಗೇ ಆ ನಂಬರೂ ಇರುತ್ತದೆ. ಸರ್ವರ್ ಇನ್ನೂ ಎದ್ದಿಲ್ಲ, ರೂಟರ್ ಎದ್ದಿದೆ, ಯಾರದೋ ಮೊಬೈಲ್‌ಗೆ ಅದೇ ನಂಬರ್ ಹೋಯಿತು. ಹೀಗಾಗದಿರಲು ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಹಂಚುವ ನಂಬರ್‌ಗಳನ್ನು 100 ರಿಂದ 200 ಎಂದು ಇಟ್ಟು, ಸರ್ವರ್, ಪ್ರಿಂಟರ್, ಡಿವಿಆರ್, ಹಾಜರಿ ಮಷಿನ್ ಇವಕ್ಕೆಲ್ಲ 100 ರ ಕೆಳಗಿನ ನಂಬರ್ ಕೊಡಿ. ಅಥವಾ 'ಅಡ್ರೆಸ್ ರಿಸರ್ವೇಶನ್' ಎಂಬಲ್ಲಿ ಸರ್ವರ್‌ನ ಮ್ಯಾಕ್‌ಗೆ ಒಂದು ನಂಬರ್ ಕಾದಿರಿಸಿ. ನನಗೆ ಎರಡನೆಯದೇ ಇಷ್ಟ, ಎಲ್ಲ ನಂಬರೂ ಒಂದೇ ಕಡೆ ಕಾಣುತ್ತದೆ.

ಫೈರ್‌ವಾಲ್‌ನ ಸರದಿ ಕೊನೆಗೆ

ಎಲ್ಲರೂ ಮೊದಲು ಆಫ್ ಮಾಡುವುದು ಇದನ್ನೇ. ಸರ್ವರ್‌ನ ಫೈರ್‌ವಾಲ್ ತಡೆದರೆ ಸಾಮಾನ್ಯವಾಗಿ ಎಲ್ಲರನ್ನೂ ತಡೆಯುತ್ತದೆ, ನಾಲ್ವರನ್ನು ಆರಿಸಿ ತಡೆಯುವುದಿಲ್ಲ. ಹೊಸ ರೂಟರ್ ಹಾಕಿದ ಮೇಲೆ ವಿಂಡೋಸ್ ಆ ನೆಟ್‌ವರ್ಕನ್ನು 'ಪಬ್ಲಿಕ್' ಎಂದು ತಿಳಿದು ಬಾಗಿಲು ಹಾಕುವುದುಂಟು, ಆಗಲೂ ಎಲ್ಲರಿಗೂ ನಿಲ್ಲುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 'ಪ್ರೈವೇಟ್' ಮಾಡಿದರೆ ಸರಿ.

ಕೆಲವರನ್ನು ಮಾತ್ರ ತಡೆಯುವುದು ಒಂದು ಸಂದರ್ಭದಲ್ಲಿ. ಫೈರ್‌ವಾಲ್‌ನ ಇನ್‌ಬೌಂಡ್ ರೂಲ್‌ನಲ್ಲಿ 'ಸ್ಕೋಪ್' ಎಂಬ ಪುಟವಿದೆ. ಅಲ್ಲಿ 'ಲೋಕಲ್ ಸಬ್‌ನೆಟ್' ಎಂದಿದ್ದರೆ ಬೇರೆ ಸಾಲಿನ ನಂಬರಿನವರು ಹೊರಗೆ. ಬೇಕಾದ ಸಾಲನ್ನು ಅಲ್ಲಿ ಸೇರಿಸಿ. ಇನ್ನು ಬರದ ಸಿಸ್ಟಮ್‌ನಲ್ಲಿ ಆ್ಯಂಟಿವೈರಸ್ ತನ್ನದೇ ಫೈರ್‌ವಾಲ್ ಇಟ್ಟುಕೊಂಡಿರಬಹುದು, ಅದನ್ನೂ ಒಮ್ಮೆ ನೋಡಿ.

ಪರೀಕ್ಷೆಗೆಂದು ಐದು ನಿಮಿಷ ಆಫ್ ಮಾಡಿದರೆ ಚಿಂತೆಯಿಲ್ಲ. ಆದರೆ ಸರಿಯಾದ ಖುಷಿಯಲ್ಲಿ ಅದನ್ನು ಹಾಗೇ ಬಿಟ್ಟು ಹೋಗುತ್ತಾರೆ. ನಾನೂ ಆ ದಿನ ಚಹಾ ಕುಡಿದು, ಚೀಲ ಹೆಗಲಿಗೆ ಹಾಕಿ ಮೆಟ್ಟಿಲು ಇಳಿಯುತ್ತಿದ್ದವನು, ಅವರು ಬೆಳಿಗ್ಗೆ ಆಫ್ ಮಾಡಿದ್ದು ನೆನಪಾಗಿ ವಾಪಸ್ ಹತ್ತಿದೆ. ಆನ್ ಮಾಡಿ, 8080 ಒಂದಕ್ಕೇ ರೂಲ್ ಹಾಕಿ, ಹನ್ನೊಂದೂ ಸಿಸ್ಟಮ್‌ನಲ್ಲಿ ಪುಟ ತೆರೆದು ನೋಡಿ, ಆಮೇಲೆ ಬಸ್ ಹಿಡಿದೆ.